ಮೂರು ಎಳೆತ

ಹಗ್ಗ ಒಂದು ಸಲ ಎಳೆದರೆ, ಇನ್ನೂ ಬಿಡು ಅಂತ.
ಎರಡು ಸಲ ಎಳೆದರೆ, ಇಲ್ಲೇನಿಲ್ಲ, ಮೇಲೆತ್ತು ಅಂತ.
ಮೂರು ಎಳೆದರೆ
ಕೂಡ್ಲಿಯ ಮೆಟ್ಟಿಲ ಮೇಲೆ ನಿಂತವರೆಲ್ಲ
ಮೊಬೈಲು ಕೆಳಗಿಳಿಸುತ್ತಾರೆ.
ಯಾರೋ ಒಬ್ಬ ಹೆಂಗಸನ್ನು ಆಚೆ ಕರೆದುಕೊಂಡು ಹೋಗುತ್ತಾರೆ.

ನೀರೊಳಗೆ ನನಗೆ ಗೊತ್ತಿದ್ದ ಮಾತು ಇಷ್ಟೇ,
ಇಪ್ಪತ್ತಾರು ವರ್ಷ.

ತುಂಗೆಯ ತಳದಲ್ಲಿ ಕಣ್ಣು ಬಿಟ್ಟು ಪ್ರಯೋಜನವಿಲ್ಲ,
ಕಾಫಿ ಗಸಿಯ ಹಾಗಿರುತ್ತದೆ ನೀರು.
ಮುಚ್ಚಿಕೊಂಡೇ ಇಳಿಯುತ್ತೇನೆ; ನೋಡುವುದು ಬೆರಳು.
ಬೆರಳಿಗೆ ಗೊತ್ತು ಪಾಚಿ ಯಾವುದು, ತಲೆಗೂದಲು ಯಾವುದು,
ಬಂಡೆಯ ಸಂದಿ ಯಾವುದು, ಅಂಗಿಯ ಜೇಬು ಯಾವುದು.
ಸ್ಕೂಲಿನ ಬೆಲ್ಟು.
ಇದನ್ನೆಲ್ಲ ಯಾರಿಗೂ ಹೇಳಿಕೊಂಡಿಲ್ಲ. ಮನೆಗೆ ಬಂದರೆ ಹೂವಮ್ಮ
ಏನೂ ಕೇಳದೆ ಬಚ್ಚಲಲ್ಲಿ
ಬಿಸಿನೀರು, ಸೀಗೇಪುಡಿ ಇಟ್ಟಿರುತ್ತಾಳೆ.

ವಿಲ್ಫ್ರೆಡ್ ಫೋನು ಮಾಡಿದ್ದು ಡಿಸೆಂಬರಿನಲ್ಲಿ.
ಸಾಗರದ ಹುಡುಗ. ಅವನ ಅಣ್ಣನನ್ನು
ಗಾಜನೂರಿನ ಕೆಳಗೆ, ನಾಲ್ಕನೇ ದಿನ,
ಅತ್ತಿಬೇರಿನ ಅಡಿಯಿಂದ ತೆಗೆದವನು ನಾನು.
ಈಗ ಮುರುಡೇಶ್ವರದಲ್ಲಿ ಪ್ರವಾಸಿಗಳನ್ನು ಸಮುದ್ರಕ್ಕಿಳಿಸುವ ಕೆಲಸವಂತೆ.
"ಒಂದ್ಸಲ ಬನ್ನಿ ಸಣ್ಣೀರಣ್ಣ, ನೇತ್ರಾಣಿಗೆ ಕರ್ಕೊಂಡು ಹೋಗ್ತೀನಿ.
ದುಡ್ಡಿನ ಮಾತೆತ್ತಬೇಡಿ."
"ಯಾರಾದ್ರೂ ಹೋಗಿದಾರಾ?" ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಇಲ್ಲ. ಸುಮ್ನೆ. ನೋಡೋಕೆ."

ಸುಮ್ನೆ ನೋಡೋಕೆ ನೀರಿಗಿಳಿಯುವುದು!
ಜೋಗ ದಾಟಿ ಘಾಟಿಯ ತಿರುವುಗಳುದ್ದಕ್ಕೂ
ಆ ಮಾತನ್ನೇ ದವಡೆಯಲ್ಲಿಟ್ಟುಕೊಂಡು ಕೂತೆ,
ಹುರಿದ ಹುಣಸೆಬೀಜದ ಹಾಗೆ.

ಬೆನ್ನಿಗೆ ಸಿಲಿಂಡರು ಬಿಗಿದರು,
ಗ್ಯಾಸ್ ಏಜೆನ್ಸಿಯವನ ಹಾಗೆ ಕಂಡಿರಬೇಕು.
ಮೂಗು ಮುಚ್ಚುವ ಗಾಜು, ಬಾಯಿಗೆ ರಬ್ಬರು.
ಅಭ್ಯಾಸ ನೋಡಿ, ಕಣ್ಣು ಮುಚ್ಚಿಕೊಂಡೇ ಇಳಿದೆ.
ಹುಡುಗ ಗಾಜಿನ ಮೇಲೆ ತಟ್ಟಿದ,
ಹೊತ್ತಲ್ಲದ ಹೊತ್ತಿನಲ್ಲಿ ನನ್ನ ಮನೆ ಬಾಗಿಲು ತಟ್ಟುವವರ ಹಾಗೆ.
ತೆರೆದೆ.

ದೇವರೇ, ನೀರೊಳಗೆ ಇಷ್ಟು ದೂರ ಕಾಣುತ್ತದಾ.

ಕುರಿಮೆದುಳಿನಂತೆ ಸುರುಳಿ ಸುರುಳಿ ಹವಳದ ಬಂಡೆ.
ಗಿಳಿಮೂತಿಯ ಹಸಿರು ಮೀನೊಂದು ಅದನ್ನೇ ಕಡಿಯುತ್ತಿತ್ತು,
ಟಾಕೀಸಿನಲ್ಲಿ ಪಕ್ಕದವನು ಹುರಿಗಡಲೆ ತಿಂದ ಸದ್ದು.
ಹಳದಿ ಮೀನಿನ ಹಿಂಡು, ಶಾಲೆ ಬಿಟ್ಟಂತೆ ನುಗ್ಗಿ ಬಂದು
ನನ್ನ ಆಚೆಗಿಷ್ಟು ಈಚೆಗಿಷ್ಟು ಹೋಯಿತು.
ಯಾವುದೂ ನನಗೆ ಹೆದರಲಿಲ್ಲ.

ಕೈ ಮಾತ್ರ ಮಾತು ಕೇಳಲಿಲ್ಲ.
ತನ್ನಷ್ಟಕ್ಕೆ ತಾನೇ ಬಂಡೆಯ ಸಂದಿಗೆ ಹೋಗಿ ತಡಕಾಡಿತು.
ವಿಲ್ಫ್ರೆಡ್ ಮಣಿಕಟ್ಟು ಹಿಡಿದು ಈಚೆಗೆ ತೆಗೆದ.
ಮುಟ್ಟಬಾರದಂತೆ. ಜೀವ ಇದೆಯಂತೆ ಅದಕ್ಕೆ.
ಆಮೇಲೆ ಎರಡೂ ಕೈ ಎದೆಗೆ ಕಟ್ಟಿಕೊಂಡು ತೇಲಿದೆ,
ಕರೆಯದ ಮದುವೆಗೆ ಹೋದವನ ಹಾಗೆ.

ಖುಷಿಗೆ ಹೆಬ್ಬೆರಳೆತ್ತಿದೆ.
ಕಂಕುಳಿಗೆ ಕೈ ಹಾಕಿ ಮೇಲಕ್ಕೆ ತಂದುಬಿಟ್ಟ.
ಮತ್ತೆ ಇಳಿದೆವು, ಮತ್ತೆ ಎತ್ತಿದೆ, ಮತ್ತೆ ಮೇಲೆ.
ನೀರೊಳಗೆ ಹೆಬ್ಬೆರಳೆಂದರೆ 'ಮೇಲೆ ಹೋಗೋಣ'.
'ಚೆನ್ನಾಗಿದೀನಿ' ಅನ್ನೋಕೆ
ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕಂತೆ.
ದೋಣಿ ಹಿಡಿದುಕೊಂಡು ನಕ್ಕು ನಕ್ಕು ಉಪ್ಪುನೀರು ಕುಡಿದೆ.
ಅದಕ್ಕೂ ಒಂದು ಸನ್ನೆ ಇದೆ ಎಂದು
ಯಾರೂ ಹೇಳಿರಲಿಲ್ಲ ನನಗೆ.

ಬಸ್ಸು ಹತ್ತಿಸುವಾಗ ಕೇಳಿದ,
"ಅಣ್ಣ ಸಿಕ್ಕಾಗ... ಹೇಗಿತ್ತು?"
ಓಹೋ, ಕರೆದದ್ದು ಇದಕ್ಕಾ. ಇರಬಹುದು, ಇಲ್ಲದೆಯೂ ಇರಬಹುದು.
"ಕಣ್ಣು ಮುಚ್ಚಿತ್ತು," ಅಂದೆ.
ನಾನಂದದ್ದು ನನ್ನ ಕಣ್ಣು.
ಅವನ ಮುಖ ಸ್ವಲ್ಪ ಹಗುರಾಯಿತು. ತಿದ್ದಲಿಲ್ಲ.

ಜುಲೈ. ಠಾಣೆಯಿಂದ ಫೋನು.
ಪಾಲಿಟೆಕ್ನಿಕ್ ಹುಡುಗ, ನಿನ್ನೆ ಸಂಜೆಯಿಂದ.
ಸೊಂಟಕ್ಕೆ ಹಗ್ಗ ಬಿಗಿದು ಸಂಗಮದಲ್ಲಿ ಇಳಿದೆ.
ಅಲ್ಲಿ ಎಡಗಾಲಿಗೊಂದು ಹೊಳೆಯ ಚಳಿ, ಬಲಗಾಲಿಗೊಂದರದು.
ಈ ಸಲ ಕಣ್ಣು ಬಿಟ್ಟೆ.
ಏನೂ ಇಲ್ಲ. ಕೆಂಪು, ಆಮೇಲೆ ಕಪ್ಪು.
ಮಣ್ಣು ಬಿದ್ದು ಉರಿಯಿತು. ಆದರೂ ಬಿಟ್ಟುಕೊಂಡೇ ಇದ್ದೆ.
ಬೆರಳಿಗೆ ಮೊದಲು ಸಿಕ್ಕಿದ್ದು ಶೂ ಲೇಸು.

ಎದೆಯಲ್ಲಿ ಇನ್ನೊಂದಿಷ್ಟು ಉಸಿರಿತ್ತು.
ಅವನ ಮುಖ ಇರಬಹುದಾದ ಕಡೆ
ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದೆ.
ಯಾಕೋ ಗೊತ್ತಿಲ್ಲ. ನನಗೇ ಕಾಣಲಿಲ್ಲ ಅದು.

ಆಮೇಲೆ ಹಗ್ಗ ಎಳೆದೆ.