ಎರಡನೆಯದು

ಮಂಗಳವಾರ, ಅಬರ್‌ಡೇರ್. ಹನ್ನೊಂದರ ಸರದಿ.
ಇಡ್ರಿಸ್ ಪ್ರಾಸರ್ ಎಡಮಗ್ಗುಲಿಗೆ ಮಲಗುತ್ತಾನೆ,
ಅಂಗಿ ಕಳಚುವಷ್ಟಕ್ಕೇ ಏದುಸಿರು.
ಜೆಲ್ ತಣ್ಣಗಿದೆ, ಕ್ಷಮಿಸಿ, ಅನ್ನುತ್ತೇನೆ.
ಗಣಿಯೊಳಗೆ ಇದಕ್ಕಿಂತ ತಣ್ಣಗಿನ ನೀರಲ್ಲಿ
ಮೊಣಕಾಲೂರಿದವನಮ್ಮ ನಾನು, ಅನ್ನುತ್ತಾನೆ.

ಪರದೆಯ ಮೇಲೆ ಹೃದಯ.
ಎಡಗೋಣೆ ದುಂಡಗಿರಬೇಕು, ಉಬ್ಬಿದ ಪೂರಿಯ ಹಾಗೆ.
ಇಲ್ಲಿ ಒಂದು ಬದಿ ಚಪ್ಪಟೆ.
ಒತ್ತಿದ್ದು ಪಕ್ಕದ ಬಲಗೋಣೆ,
ಹಗುರ ಕೆಲಸಕ್ಕೆಂದು ತೆಳುಗೋಡೆಯಲ್ಲಿ ಕಟ್ಟಿದ್ದು,
ಹಮಾಲನ ತೋಳಿನಂತೆ ದಪ್ಪಗಾಗಿ, ಊದಿ,
ನೆರೆಮನೆ ಗೋಡೆಗೆ ಭುಜ ಕೊಟ್ಟು ನಿಂತಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಮೈಯೆಲ್ಲ ಸುತ್ತಿದ ರಕ್ತ
ಶ್ವಾಸಕೋಶದ ಬಾವಿಗೆ ಹೋಗಲೇಬೇಕು.
ಬಾವಿಯ ದಾರಿ ಕಿರಿದಾಗಿದೆ.
ನೂಕು ಎಷ್ಟೆಂದು ಅಳೆಯುತ್ತೇನೆ,
ಕವಾಟದಿಂದ ಹಿಂದಕ್ಕೆ ಚಿಮ್ಮುವ ನೀಲಿ ಬುಗ್ಗೆಯ ವೇಗ ಹಿಡಿದು.
ಸಂಖ್ಯೆ ಬರೆಯುತ್ತೇನೆ. ಮುಖ ಬದಲಿಸುವುದಿಲ್ಲ,
ಹದಿನೇಳು ವರ್ಷದ ಅಭ್ಯಾಸ.

ಚೀಟಿಯಲ್ಲಿ ಡಾಕ್ಟರಮ್ಮ ಬರೆದದ್ದು: ಎರಡನೆಯದು?
ಅಂದರೆ ಒತ್ತಡ ತಾನಾಗಿ ಹುಟ್ಟಿದ್ದಲ್ಲ,
ಇದಕ್ಕೊಂದು ಮೊದಲಿದೆ. ಹುಡುಕು.

ಮೊದಲು ಎಲ್ಲೆಲ್ಲೋ ಅಡಗಿರುತ್ತದೆ.
ಹೋದ ವಾರ ಒಬ್ಬಾಕೆಗೆ ಅದು
ಎಂಟನೇ ವಯಸ್ಸಿನ ಗಂಟಲುನೋವು.
ಜ್ವರ ಬಿಟ್ಟಿತೆಂದು ಅವಳಮ್ಮ ಸ್ಕೂಲಿಗೆ ಕಳಿಸಿದ್ದಳು;
ಅದು ಕವಾಟದಲ್ಲಿ ಕೂತಿತ್ತು, ಐವತ್ತು ವರ್ಷ.
ಇನ್ನೊಬ್ಬನಿಗೆ ಗೊರಕೆ.
ನಡುನಡುವೆ ನಿಂತುಹೋಗುತ್ತೆ,
ಆಗ ನನಗೆ ಒಳ್ಳೆ ನಿದ್ದೆ, ಎಂದು ಹೆಂಡತಿ ನಕ್ಕಳು.
ನಾನು ನಗಲಿಲ್ಲ.

ಇಡ್ರಿಸನಿಗೆ ಅನುಮಾನವೇ ಇಲ್ಲ.
ಕಲ್ಲಿದ್ದಲು, ಅನ್ನುತ್ತಾನೆ. ಅಪ್ಪನನ್ನೂ ಅದೇ ತಿಂದಿತು.
ಕಿಟಕಿಯಾಚೆ, ಹುಲ್ಲು ಹೊದ್ದ ಕಸದ ಗುಡ್ಡದ ಕಡೆ
ಗಲ್ಲ ಎತ್ತುತ್ತಾನೆ. ದನಿಯಲ್ಲಿ ಸಣ್ಣ ಹೆಮ್ಮೆ.

ಕುರ್ಚಿಯ ಮೇಲಿನ ಅವನ ಸ್ವೆಟರಿನ ತೋಳಿಗೆ
ಒಂದು ಬೂದುಗರಿ ಅಂಟಿತ್ತು.
ಹಕ್ಕಿ ಸಾಕಿದ್ದೀರಾ?

ಆಗ ಅವನ ಮುಖ ನೋಡಬೇಕಿತ್ತು.
ಗಣಿ ಮುಚ್ಚಿದ ವರ್ಷ, ಕೈಗೆ ಬಂದ ಕೊನೆಯ ದುಡ್ಡಲ್ಲಿ
ಹಿತ್ತಲಲ್ಲಿ ಗೂಡು ಕಟ್ಟಿದ್ದು,
ನಲವತ್ತೆರಡು ಪಂದ್ಯದ ಪಾರಿವಾಳ, ಒಂದೊಂದಕ್ಕೂ ಹೆಸರು,
ಫ್ರಾನ್ಸಿನಿಂದ ಕಡಲು ದಾಟಿ
ಎದುರುಗಾಳಿಯಲ್ಲಿ ಮನೆಗೆ ಬಂದ ಮೆರಿಯೆಲ್ ಎಂಬ ನೀಲಿ ಹೆಣ್ಣು.
ರೆಕ್ಕೆ ಕೊಡವಿದರೆ, ಬಿಸಿಲಿಗೆ,
ರಂಗೋಲಿ ಪುಡಿ ಎರಚಿದ ಹಾಗಂತೆ.
ಹೇಳುತ್ತ ಹೇಳುತ್ತ ಬೆರಳ ತುದಿಯ ಆಕ್ಸಿಜನ್
ಎಂಬತ್ತಾರಕ್ಕೆ ಇಳಿಯಿತು.

ಸಂಖ್ಯೆಯ ಕೆಳಗೆ ಒಂದೇ ಪದ ಸೇರಿಸಿದೆ: ಪಾರಿವಾಳ.

ಫೆಬ್ರವರಿಯಲ್ಲಿ ಮತ್ತೆ ಬಂದ.
ಸ್ಕ್ಯಾನು, ರಕ್ತಪರೀಕ್ಷೆ, ಎಲ್ಲ ಅದನ್ನೇ ಹೇಳಿದ್ದವು.
ಕಲ್ಲಿದ್ದಲನ್ನಾದರೆ ಬೈಯಬಹುದಿತ್ತು, ಅಂದ.
ಸ್ವಾನ್‌ಸಿಯ ಗೆಳೆಯನಿಗೆ ಕೊಟ್ಟುಬಿಟ್ಟೆ ಎಲ್ಲವನ್ನೂ.
ಬುಟ್ಟಿಯಲ್ಲಿ ತುಂಬಿ, ನಾನೇ ನೋಡದ ಹಾಗೆ.

ಮತ್ತೆ?

ಮತ್ತೇನು, ಅವು ಮನೆಗೆ ಬರುವ ಹಕ್ಕಿಗಳು.
ಗೂಡಿಗೆ ಬೀಗ. ಮಾಡಿನ ಮೇಲೆ ಸಾಲಾಗಿ ಕೂತಿರುತ್ತವೆ.
ಅಡಿಗೆಮನೆಯ ಕಿಟಕಿ ಭದ್ರ ಮುಚ್ಚಿ
ಒಳಗಿಂದ ಎಣಿಸುತ್ತೇನೆ.

ಉಸಿರು ಹಿಡಿಯಿರಿ, ಅಂದೆ.
ಹಿಡಿದ.