ಗಸಿ

ಸ್ಟ್ಯಾಂತಾರ್ಪ್‌ನಲ್ಲಿ ಜುಲೈ ಎಂದರೆ
ನಲ್ಲಿ ಕೂಡ ಬೆಳಿಗ್ಗೆ ಒಂಬತ್ತರ ತನಕ ಬಾಯಿ ಬಿಡುವುದಿಲ್ಲ.
ಒಲೆಗೆ ಇನ್ನೊಂದು ಕೊರಡು ದೂಡಿ
ಓರ್ನೆಲ್ಲಾ ಬಾಟಲಿಯ ದೂಳನ್ನು
ಸ್ವೆಟರಿನ ತೋಳಲ್ಲೇ ಒರೆಸಿದಳು.

"ಆಲಿಕಲ್ಲು ಬಿದ್ದ ವರ್ಷದ್ದು.
ಮೂರೇ ಸಾಲು ಉಳಿದಿದ್ದವು.
ಸಣ್ಣ ಹಣ್ಣು, ದಪ್ಪ ಸಿಪ್ಪೆ.
ಮಾರಲಿಕ್ಕಲ್ಲ ಅಂತ ಬ್ರೂನೋ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ."

ಬೆಟ್ಟದ ಮೇಲಿನ ಬಳ್ಳಿ:
ಹಗಲು ಸುಡುವ ಬಿಸಿಲು, ಇರುಳು ಕೊರೆವ ಚಳಿ,
ಬೇರಿಗೆ ಬಂಡೆ.
ಅವಸರ ಎಲ್ಲಿಂದ ಬರಬೇಕು ಅದಕ್ಕೆ?

ಮೊದಲ ಗುಟುಕು. ನನಗೆ ಗೊತ್ತಿರುವುದು ನೇರಳೆ,
ಉಪ್ಪು ಹಚ್ಚಿ ತಿಂದು, ನಾಲಿಗೆ ಚಾಚಿ
ಯಾರದು ಹೆಚ್ಚು ಕಪ್ಪು ಎಂದು ಜಗಳಾಡಿದ್ದು.
ಆಮೇಲೆ ಹೊಗೆ, ಒದ್ದೆ ಕಲ್ಲು, ಹಳೇ ಚರ್ಮದ ಚೀಲ.
ಕೊನೆಗೆ, ಒಸಡನ್ನು ಮೆಲ್ಲಗೆ ಹಿಡಿದು ಬಿಡದ ಒಂದು...

"ಏನು?" ಅಂದಳು.
ಒಗರು, ಅಂದೆ.
ಓ-ಗ-ರು. ಎರಡು ಸಲ ಅಂದು ನೋಡಿದಳು,
ಮೂರನೆಯದಕ್ಕೆ ನಕ್ಕಳು:
"ಬ್ರೂನೋಗೆ ಈ ಹೆಸರೇ ಸರಿ ಇತ್ತು."

ತಳದ ಗಸಿ ಮಾತ್ರ ನನಗೆ ಸುರಿಯಲಿಲ್ಲ.
ತನ್ನ ಲೋಟಕ್ಕೇ ಬಗ್ಗಿಸಿಕೊಂಡು
ಕಿಟಕಿಯಾಚೆ, ಕತ್ತಲಲ್ಲಿ ಕಾಣದ
ಮೂರು ಸಾಲಿನ ಕಡೆ ತಿರುಗಿ
ಒಂದೇ ಉಸಿರಿಗೆ.