ಸರಕಿನ ಸ್ವರೂಪ ಮತ್ತು ಪ್ರಮಾಣ

ಹನ್ನೊಂದಕ್ಕೆ ಶಂಕರಪುರದ ಕಟ್ಟೆಯಲ್ಲಿ ರೇಟು ಬಿದ್ದ ಮೇಲೆ
ನನ್ನ ಬೆಳಗು.
ಫೋನಿನಲ್ಲಿ ಬೆನೆಡಿಕ್ಟಾ ಬಾಯಿ:
"ಅಟ್ಟೆಗೆ ಒಂಬೈನೂರ ಎಂಬತ್ತು, ಬರ್ಕೊ. ನಲ್ವತ್ತು ಅಟ್ಟೆ ಉಂಟು."
ಬರೆದುಕೊಳ್ಳುತ್ತೇನೆ. ಆದರೆ ಎಲ್ಲಿ?
ಫಾರಮಿಗೆ ಅಟ್ಟೆ ಗೊತ್ತಿಲ್ಲ.
ಎಂಟುನೂರು ಮೊಗ್ಗಿಗೊಂದು ಚೆಂಡು, ನಾಲ್ಕು ಚೆಂಡಿಗೊಂದು ಅಟ್ಟೆ
ಎಂದು ಅವರ ಅಜ್ಜಿ ಬೆರಳಲ್ಲಿ ಎಣಿಸಿದ ಲೆಕ್ಕ
ಬಜ್ಪೆಯ ಈ ಕೋಣೆಯಲ್ಲಿ ಕೀ ಒತ್ತಿದರೆ
ಕಿಲೋ ಆಗಿ ಬೀಳುತ್ತದೆ,
ಚುಕ್ಕಿಯ ಆಚೆ ಎರಡು ಸೊನ್ನೆ.

ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಶಿಪ್ಪಿಂಗ್ ಬಿಲ್ಲು,
ಗಿಡಕ್ಕೆ ರೋಗವಿಲ್ಲವೆಂಬ ಸರಕಾರದ ಚೀಟಿ,
ಎಲ್ಲದರ ಮೇಲೆ ಏರ್‌ವೇ ಬಿಲ್ಲು.
ಒಬ್ಬರ ಮಾತಿಗೆ ಇನ್ನೊಬ್ಬರು ತಪ್ಪಬಾರದು,
ಸಂಬಂಧ ನೋಡಲು ಬಂದವರ ಮುಂದೆ ಕೂತ ಹೆಣ್ಣಿನ ಕಡೆಯವರ ಹಾಗೆ:
ವಯಸ್ಸು ಕೇಳಿದರೆ
ಐವರ ಬಾಯಲ್ಲೂ ಒಂದೇ ವಯಸ್ಸು.

ಉದ್ದ, ಅಗಲ, ಎತ್ತರ ಗುಣಿಸಿ ಆರು ಸಾವಿರದಿಂದ ಭಾಗಿಸು.
ತಕ್ಕಡಿ ಹೇಳಿದ್ದು ಹದಿನಾಲ್ಕು, ಅಳತೆ ಹೇಳುವುದು ಇಪ್ಪತ್ತೆರಡು.
ದೊಡ್ಡದಕ್ಕೆ ಬಾಡಿಗೆ.
ಹೂವಿನ ಸಂದಿಯಲ್ಲಿ ಕೂತ ಗಾಳಿಗೂ ಟಿಕೆಟು.
"ಅವರು ಭಾರ ನೋಡುವುದಲ್ಲ ಮಾರಾಯ್ತಿ, ಜಾಗ ನೋಡುವುದು,"
ಮೊದಲ ತಿಂಗಳು ಬಾಳಿಗರು ಹೇಳಿದ್ದು.
ಕಿನ್ನಿಗೋಳಿ ಬಸ್ಸಿನಲ್ಲಿ ಸೀಟು ಸಿಕ್ಕದ ಸಂಜೆ ಈಗಲೂ ನೆನಪಾಗುತ್ತದೆ.

ಹುಟ್ಟಿದ ದೇಶ: ಭಾರತ.
ಅದು ಸರಿ. ಆದರೆ
ಬಾಯಿಬಿಡದ ಮೊಗ್ಗು ಇದು,
ಬಾಳೆನಾರು ಬಿಗಿದು, ಬಾಳೆಲೆ ಹೊದ್ದು,
ಅರಳುವುದು ಸಂಜೆ ಏಳರ ಮೇಲೆ.
ಆಗ ವಿಮಾನ ಕಡಲ ಮೇಲೆ,
ಯಾವ ದೇಶದ್ದೂ ಅಲ್ಲದ ಕತ್ತಲಲ್ಲಿ.
ಅರಳಿದ ದೇಶ ಯಾವುದು? ಆ ಕಾಲಮ್ಮು ಇಲ್ಲ.
ನಾನು ಬರೆಯುವುದು ತಾಜಾ ಮೊಗ್ಗು,
ಮನಾಮದಲ್ಲಿ ಟೇಪು ಕತ್ತರಿಸುವವನು ಕಾಣುವುದು ಹೂವು.
ದಿನಕ್ಕೊಂದು ಸುಳ್ಳು ಬರೆಯುತ್ತೇನೋ ಏನೋ,
ಕಸ್ಟಮ್ಸಿನವರು ಈವರೆಗೆ ಕೇಳಿಲ್ಲ.

ಕೇಳಿದ್ದು ಬೇರೆ. ಸೋಣ ತಿಂಗಳ ಒಂದು ಗುರುವಾರ.
ಕನ್ನಡದಲ್ಲಿ ಮೊಯಿದಿನಬ್ಬ ಒಬ್ಬರೇ,
ಇಂಗ್ಲಿಷಿನಲ್ಲಿ ಏಳು ಮಂದಿ.
ಅವರ ಲೈಸೆನ್ಸಿನಲ್ಲಿ ಡಿ ಆದ ಮೇಲೆ ಒಂದು ಐ,
ನನ್ನ ಬಿಲ್ಲಿನಲ್ಲಿ ಎರಡು ಇ.
ಕೌಂಟರಿನ ಹುಡುಗ ಬೆರಳಿಟ್ಟ.
ತಿದ್ದಿ, ಮುದ್ರಿಸಿ, ಸೀಲು ಒತ್ತಿಸಿ ಓಡಿ ಬರುವಾಗ
ವಿಮಾನದ ಹೊಟ್ಟೆಯ ಬಾಗಿಲು ಮುಚ್ಚಿತ್ತು.
ನಾಲ್ಕು ಪೆಟ್ಟಿಗೆ ಶೆಡ್ಡಿನಲ್ಲೇ.

ಏಳೂವರೆವರೆಗೆ ಏನೂ ಇಲ್ಲ.
ಆಮೇಲೆ ಒಣಮೀನು, ಗೋಣಿ, ಫಿನಾಯಿಲು,
ಎಲ್ಲ ವಾಸನೆಯನ್ನೂ ಪಕ್ಕಕ್ಕೆ ಸರಿಸಿ
ಟೇಪು ಹಚ್ಚಿದ ಸಂದಿಯಿಂದಲೇ ಅದು ಹೊರಟಿತು.
ಲೋಡರ್ ಕೊರಗಪ್ಪ ಮೂಗೆತ್ತಿದ: "ಯಾರದ್ದು ಮದುವೆ?"
ಸ್ಕ್ಯಾನರಿನ ಬಳಿಯ ಹರಿಯಾಣದ ಜವಾನ
ಟೊಪ್ಪಿ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು, ಮತ್ತೆ ಇಟ್ಟುಕೊಂಡ.

ಬೆನೆಡಿಕ್ಟಾ ಬಾಯಿಗೆ ಹೇಳಲೇಬೇಕಲ್ಲ. ಹೇಳಿದೆ.
ಬೈಯಲಿಲ್ಲ.
"ಅರಳಿತಾ?" ಎಂದು ಕೇಳಿದರು.
ಹೌದೆಂದೆ.
"ಎಷ್ಟು ವರ್ಷದಿಂದ ಕಟ್ಟುವುದು ನಾನು.
ಕಟ್ಟಿದ್ದರಲ್ಲಿ ಒಂದೂ ನನ್ನ ಕಣ್ಣೆದುರು ಅರಳಿದ್ದಿಲ್ಲ, ಗೊತ್ತುಂಟಾ?"
ಆಚೆ ಪ್ರೆಶರ್ ಕುಕ್ಕರು ಕೂಗಿತು. ಫೋನಿಟ್ಟರು.

ವಾಪಸು ಪಡೆಯಲೂ ಒಂದು ಅರ್ಜಿ, ಮೂರು ಪ್ರತಿ.
ಗುಡಿಸುವ ಲಲಿತಕ್ಕನಿಗೆ ಎರಡು ಚೆಂಡು,
ಕೊರಗಪ್ಪನ ಮನೆಗೆ ಒಂದು ಅಟ್ಟೆ,
ಸೂಪರಿಂಟೆಂಡೆಂಟರ ಸ್ಕೂಟರಿನ ಹ್ಯಾಂಡಲಿಗೆ ಯಾರೋ ಒಂದು ಮೊಳ ಸುತ್ತಿದ್ದರು.
ಮಿಕ್ಕದ್ದನ್ನು ಬಾಳಿಗರು ಕಾರಿನ ಡಿಕ್ಕಿಯಲ್ಲಿ ತುಂಬಿಸಿ ಒಯ್ದರು.
ಎಲ್ಲಿಗೆಂದು ನಾನು ಕೇಳಲಿಲ್ಲ.
ಮೂರು ತಿಂಗಳು ಸಂಬಳದಲ್ಲಿ ಕಡಿತ.

ಫೈಲಿನಲ್ಲಿ ಇವತ್ತಿಗೂ ಉಂಟು:
ಹೋಗದೆ ಉಳಿದದ್ದು: ನಾಲ್ಕು. ಕಾರಣ: ಅಕ್ಷರದೋಷ.
ಕೆಳಗೆ ನನ್ನ ಸಹಿ, ಪೆನ್ನು ಒಂದು ಕಡೆ ನಿಂತು
ಶಾಯಿ ಹರಡಿದೆ.

ಈಗ ಹನ್ನೊಂದೂವರೆ. ರೇಟು ಇನ್ನೂ ಬಿದ್ದಿಲ್ಲ.
ಹೆಸರಾದರೂ ಮೊದಲು ಟೈಪು ಮಾಡಿಡುವ ಎಂದು
ಚಿಕ್ಕ ಮಕ್ಕಳ ಹಾಗೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ:
ಎಂ, ಓ, ಐ, ಡಿ,
ಐ.